ವಯಸ್ಸಾದ ರಕ್ತನಾಳ ಪೆಡಸಾಗುವುದರಲ್ಲಿ ಉರಿಯೂತದ ಕೈವಾಡ

ವಯಸ್ಸಾದಂತೆ ರಕ್ತನಾಳ ಪೆಡಸಾಗುವುದರಲ್ಲಿ ಉರಿಯೂತದ ಪಾತ್ರವೇನು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಮ್ಮಲ್ಲಿ ಹೆಚ್ಚಿನವರು ಕೊಲೆಸ್ಟ್ರಾಲ್‌ನಿಂದ ಉತ್ತರ ಶುರು ಮಾಡುತ್ತಾರೆ. ಬೇಡ. ಕೊಬ್ಬು ಕೂತು ನಾಳ ಕಟ್ಟಿಕೊಳ್ಳುವುದು ಒಳಪದರದ ಕಾಯಿಲೆ. ಪೆಡಸುತನ ಮುಖ್ಯವಾಗಿ ನಡುಪದರದ್ದು. ಒಬ್ಬರಲ್ಲೇ ಎರಡೂ ಇರಬಹುದು, ಆದರೆ ಎರಡೂ ಒಂದೇ ಅಲ್ಲ.

ಹೃದಯದಿಂದ ಹೊರಡುವ ಮುಖ್ಯ ರಕ್ತನಾಳವಾದ ಮಹಾಪಧಮನಿಯ ನಡುಪದರದಲ್ಲಿ ಎಲಾಸ್ಟಿನ್ ಹಾಳೆಗಳು ಒಂದರ ಮೇಲೊಂದು ಇರುತ್ತವೆ. ನಡುವೆ ಸ್ನಾಯು ಕೋಶಗಳು, ಕೊಲಾಜೆನ್ ಎಳೆಗಳು. ಎಲಾಸ್ಟಿನ್ ಸುಲಭವಾಗಿ ಹಿಗ್ಗಿ ಕುಗ್ಗುತ್ತದೆ, ಕೊಲಾಜೆನ್ ಹಿಗ್ಗುವುದು ಬಹಳ ಕಡಿಮೆ. ಈ ಎಲಾಸ್ಟಿನ್‌ನ ಬಹುಪಾಲು ತಯಾರಾಗುವುದು ಹುಟ್ಟುವ ಮುಂಚೆ ಮತ್ತು ಬಾಲ್ಯದಲ್ಲಿ. ಆಮೇಲೆ ಹರಿದದ್ದನ್ನು ಮೊದಲಿನಂತೆ ಕಟ್ಟಿಕೊಳ್ಳಲು ದೇಹಕ್ಕೆ ಆಗುವುದಿಲ್ಲ. ನಿಮಿಷಕ್ಕೆ 70 ಬಡಿತ ಅಂದರೆ ವರ್ಷಕ್ಕೆ ಸುಮಾರು 3.7 ಕೋಟಿ ಸಲ ಅದು ಹಿಗ್ಗಬೇಕು. ಹಾಗಾಗಿ ಉರಿಯೂತ ಇಲ್ಲದಿದ್ದರೂ ಸವೆತ ಇದ್ದೇ ಇದೆ. ಉರಿಯೂತ ಆ ಸವೆತವನ್ನು ಜೋರು ಮಾಡುತ್ತದೆ, ಅಷ್ಟೇ.

ಯಾವ ಉರಿಯೂತ? ಗಾಯವಾದಾಗ ಬಂದು ನಾಲ್ಕು ದಿನಕ್ಕೆ ಹೋಗುವಂಥದ್ದಲ್ಲ. ಜ್ವರ ಇಲ್ಲ, ನೋವಿಲ್ಲ, ಆದರೂ ರಕ್ತದಲ್ಲಿ ಐಎಲ್-6, ಟಿಎನ್‌ಎಫ್-ಆಲ್ಫಾ ಥರದ ಉರಿಯೂತದ ಸಂಕೇತ ಪ್ರೋಟೀನ್‌ಗಳು ಸದಾ ಸ್ವಲ್ಪ ಏರಿಕೊಂಡೇ ಇರುತ್ತವೆ. 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು ಇದಕ್ಕೆ ಇನ್‌ಫ್ಲಮೇಜಿಂಗ್ ಎಂದು ಹೆಸರಿಟ್ಟರು. ಹೊಟ್ಟೆಯ ಬೊಜ್ಜು, ಸಿಗರೇಟು, ಒಸಡಿನ ಸೋಂಕು, ವಿಭಜನೆಯಾಗುವುದನ್ನು ನಿಲ್ಲಿಸಿಯೂ ಸಾಯದೆ ಉಳಿದ ಮುದಿ ಕೋಶಗಳು, ಎಲ್ಲವೂ ಇದಕ್ಕೆ ತುಪ್ಪ ಸುರಿಯುತ್ತವೆ.

ಈ ಸಂಕೇತ ತಾಗಿದ ಕಡೆ ನಾಳದ ಒಳಗೋಡೆ ಅಂಟಂಟಾಗುತ್ತದೆ. ಬಿಳಿ ರಕ್ತಕಣಗಳು ಅಲ್ಲಿ ಹಿಡಿದುಕೊಂಡು ಗೋಡೆಯೊಳಗೆ ನುಸುಳುತ್ತವೆ. ಅವುಗಳಲ್ಲಿ ಮಾನೋಸೈಟ್ ಎಂಬ ಬಗೆಯವು ಗೋಡೆಯೊಳಗೆ ಮ್ಯಾಕ್ರೋಫೇಜ್‌ಗಳಾಗಿ ಬದಲಾಗುತ್ತವೆ. ಈ ಮ್ಯಾಕ್ರೋಫೇಜ್‌ಗಳು ಎಂಎಂಪಿ ಎಂಬ ಕಿಣ್ವಗಳನ್ನು ಬಿಡುತ್ತವೆ. ಎಂಎಂಪಿ-9 ಮತ್ತು ಎಂಎಂಪಿ-12 ನೆನಪಿಟ್ಟುಕೊಳ್ಳಿ. ಅವು ಎಲಾಸ್ಟಿನ್ ಕತ್ತರಿಸುತ್ತವೆ. ಆ ಚೂರುಗಳೇ ಇನ್ನಷ್ಟು ಮಾನೋಸೈಟ್‌ಗಳನ್ನು ಕರೆಸಿಕೊಳ್ಳುತ್ತವೆ! ಹಾಳಾದ ಜಾಗವೇ ಹಾಳು ಮಾಡುವವರಿಗೆ ಹೇಳಿ ಕಳಿಸಿದ ಹಾಗಾಯಿತು. ಇಡೀ ಪಾಠದ ತಿರುಳು ಈ ಸುತ್ತು. ಉತ್ತರದಲ್ಲಿ ಚಿತ್ರ ಬಿಡಿಸುವುದಾದರೆ ಇದನ್ನೇ ಬಿಡಿಸಿ.

ಮಿಕ್ಕಿದ್ದು ಚುಟುಕಾಗಿ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂಕೇತ ಹೆಚ್ಚಿ ಕೊಲಾಜೆನ್ ತುಂಬುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಅಂಟಿ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೆಲವು ಸ್ನಾಯು ಕೋಶಗಳು ಮೂಳೆ ಕೋಶಗಳ ಥರ ವರ್ತಿಸಿ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ನಾಳವನ್ನು ಸಡಿಲ ಮಾಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ.

ಬಿಪಿಯಲ್ಲಿ ಇದು ಹೇಗೆ ಕಾಣುತ್ತದೆ? 70 ದಾಟಿದವರೊಬ್ಬರ ಬಿಪಿ 164/68 ಅಂತಿಟ್ಟುಕೊಳ್ಳಿ. ಕೆಳಗಿನ ಸಂಖ್ಯೆ ಚೆನ್ನಾಗಿದೆ ಅಲ್ವಾ ಅನ್ನಿಸುತ್ತದೆ. ಇಲ್ಲ. ಹೃದಯ ಒತ್ತಿದಾಗ ನಾಳ ಹಿಗ್ಗದ ಕಾರಣ ಮೇಲಿನದು ಏರಿದೆ. ಹಿಗ್ಗಿ ಹಿಡಿದಿಟ್ಟುಕೊಂಡ ರಕ್ತವೇ ಕಡಿಮೆ, ಹಾಗಾಗಿ ಹೃದಯ ಸಡಿಲವಾದಾಗ ಕೆಳಗಿನದು ಕುಸಿದಿದೆ. ನಡುವಿನ 96ರ ಅಂತರವೇ ಸುಳಿವು. ನೇರವಾಗಿ ಅಳೆಯಬೇಕೆಂದರೆ ನಾಡಿಯ ಅಲೆ ಕತ್ತಿನಿಂದ ತೊಡೆಸಂದಿಗೆ ಎಷ್ಟು ವೇಗವಾಗಿ ಹೋಗುತ್ತದೆ ಎಂದು ನೋಡುತ್ತಾರೆ. ಸೆಕೆಂಡಿಗೆ 10 ಮೀಟರ್ ದಾಟಿದರೆ ನಾಳ ಪೆಡಸಾಗಿದೆ ಎಂದು ಲೆಕ್ಕ.

ಉರಿಯೂತ ಇಳಿಸಿದರೆ ನಾಳ ಮತ್ತೆ ಮೆತ್ತಗಾಗುತ್ತದಾ? ಸ್ವಲ್ಪ ಮಟ್ಟಿಗೆ ಹೌದು. ಸದಾ ಉರಿಯೂತವಿರುವ ಕೀಲಿನ ಕಾಯಿಲೆಯಾದ ರುಮಟಾಯ್ಡ್ ಸಂಧಿವಾತ ಇರುವವರ ನಾಳ ಅದೇ ವಯಸ್ಸಿನ ಬೇರೆಯವರಿಗಿಂತ ಪೆಡಸು. ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟಾಗ ಅಲೆಯ ವೇಗ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಹೀಗೆ ಮರಳಿ ಬರುವುದು ನೈಟ್ರಿಕ್ ಆಕ್ಸೈಡ್‌ಗೆ ಸೇರಿದ ಭಾಗ ಅಂತ ನನ್ನ ತಿಳುವಳಿಕೆ. ಹರಿದ ಎಲಾಸ್ಟಿನ್ ಅಂತೂ ಬರುವುದಿಲ್ಲ.

2017ರ ಕ್ಯಾಂಟೋಸ್ ಪ್ರಯೋಗವನ್ನು ಇಲ್ಲಿ ಸುಮ್ನೆ ತುರುಕಬೇಡಿ. ಹಿಂದೆ ಹೃದಯಾಘಾತವಾಗಿ, ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಏರಿದ್ದ 10,061 ಜನರ ಮೇಲೆ ನಡೆದದ್ದು. ಐಎಲ್-1 ಬೀಟಾ ಎಂಬ ಉರಿಯೂತದ ಸಂಕೇತವನ್ನು ತಡೆಯುವ ಕೆನಕಿನುಮ್ಯಾಬ್ ಔಷಧಿಯನ್ನು 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಸ್ಟ್ರೋಕ್, ಹೃದ್ರೋಗದ ಸಾವು ಸೇರಿ ಶೇ. 15ರಷ್ಟು ಇಳಿದವು, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಇಳಿಯದೆಯೇ. ಆದರೆ ಸಾವು ತರುವ ಸೋಂಕುಗಳು ಜಾಸ್ತಿಯಾದವು. ಉರಿಯೂತಕ್ಕೂ ಹೃದಯಾಘಾತಕ್ಕೂ ನಂಟಿದೆ ಎನ್ನಲು ಇದು ಒಳ್ಳೆಯ ಸಾಕ್ಷಿ. ಪೆಡಸುತನಕ್ಕೆ ಸಾಕ್ಷಿ ಬೇಕಿದ್ದರೆ ಸಂಧಿವಾತದ ಉದಾಹರಣೆಯನ್ನೇ ಬರೆಯಿರಿ.