ವಾರಂಟಿ, ಗ್ಯಾರಂಟಿ: ಒಂದೇ ಬೇರಿಗೆ ಎರಡು ರೂಪವೇಕೆ?

ಪ್ರಶ್ನೆ: ಮಿಕ್ಸಿ ಕೊಳ್ಳುವಾಗ ಅಂಗಡಿಯವರು ‘ವಾರಂಟಿ ಇದೆ, ಗ್ಯಾರಂಟಿ ಇಲ್ಲ’ ಎನ್ನುತ್ತಾರೆ. ಎರಡೂ ಒಂದೇ ಮೂಲದ ಪದಗಳೆಂದು ಕೇಳಿದ್ದೇನೆ. ಹಾಗಿದ್ದರೆ ಇಂಗ್ಲಿಷಿನಲ್ಲಿ ಎರಡು ರೂಪಗಳೇಕೆ?

ಉತ್ತರ: ನೀವು ಕೇಳಿರುವುದು ನಿಜ. ಎರಡರ ಬೇರೂ ಹಿಂದೆ ಫ್ರಾನ್ಸನ್ನು ಆಳಿದ ಫ್ರಾಂಕ್ ಜನರ ಜರ್ಮಾನಿಕ್ ನುಡಿಯಲ್ಲಿದೆ. ಅವು ಇಂಗ್ಲಿಷಿಗೆ ಬಂದದ್ದು ಫ್ರೆಂಚರ ಬಾಯಿಂದ. ಫ್ರಾಂಕರ ನುಡಿಯ ಪದಗಳ ಮೊದಲಿಗಿದ್ದ ವಕಾರವು ಪ್ಯಾರಿಸ್ ಸುತ್ತಲಿನ ಫ್ರೆಂಚಿನಲ್ಲಿ ‘ಗ್ವ’ ಆಗಿ, ಕ್ರಮೇಣ ಬರಿಯ ಗಕಾರವಾಯಿತು. ಉತ್ತರ ಕರಾವಳಿಯ ನಾರ್ಮಂಡಿಯಲ್ಲಾದರೋ ಅದು ವಕಾರವಾಗಿಯೇ ಉಳಿಯಿತು. 1066ರಲ್ಲಿ ಹೇಸ್ಟಿಂಗ್ಸ್ ಕದನ ಗೆದ್ದು ಇಂಗ್ಲೆಂಡಿನ ಪಟ್ಟವೇರಿದ ನಾರ್ಮಂಡಿಯ ಡ್ಯೂಕನ ಹೆಸರೇ ಇದಕ್ಕೆ ಸಾಕ್ಷಿ: ಇಂಗ್ಲಿಷರಿಗೆ ಅವನು ವಿಲಿಯಂ, ಫ್ರೆಂಚರಿಗೆ ಗಿಯೋಮ್.

ಅವನೊಡನೆ ಬಂದವರ ಆಡುನುಡಿಯಿಂದ ಮೊದಲು ನೆಲೆಯೂರಿದ್ದು ವಾರಂಟ್, ವಾರ್ಡನ್ ಮುಂತಾದ ವಕಾರದ ರೂಪಗಳು. 1204ರಲ್ಲಿ ಇಂಗ್ಲೆಂಡಿನ ಅರಸ ಜಾನ್ ನಾರ್ಮಂಡಿಯನ್ನು ಕಳೆದುಕೊಂಡ ಮೇಲೆ ಇಂಗ್ಲಿಷ್ ಗಣ್ಯರಿಗೆ ಪ್ಯಾರಿಸ್ಸಿನ ಫ್ರೆಂಚೇ ಮಾದರಿಯಾಯಿತು, ಗಕಾರದ ರೂಪಗಳೂ ಹೆಚ್ಚಿದವು. ಹಳೆಯವು ಹೋಗಲಿಲ್ಲ, ಎರಡೂ ಉಳಿದು ಅರ್ಥವನ್ನು ಹಂಚಿಕೊಂಡವು. ನಮ್ಮ ಹಾಸ್ಟೆಲುಗಳ ವಾರ್ಡನ್ ಮತ್ತು ಅರ್ಜಿಗಳಲ್ಲಿ ಸಹಿ ಹಾಕುವ ಗಾರ್ಡಿಯನ್ ಇಂಥದೇ ಜೋಡಿ, ಎರಡರ ಮೂಲಾರ್ಥವೂ ಕಾಯುವವನು ಎಂದೇ. ರಿವಾರ್ಡ್ ಮತ್ತು ರಿಗಾರ್ಡ್ ಕೂಡ ಹಾಗೆಯೇ, ಈಗ ಆ ನಂಟು ಯಾರಿಗೂ ಹೊಳೆಯದಷ್ಟು ದೂರವಾಗಿದ್ದರೂ.

ವಾರಂಟಿ ಮಧ್ಯಯುಗದ ಭೂವ್ಯವಹಾರದ ಪದ: ಜಮೀನು ಕೊಟ್ಟವನು, ಮುಂದೆ ಯಾರಾದರೂ ಅದರ ಹಕ್ಕಿಗೆ ತಗಾದೆ ತೆಗೆದರೆ ತಾನು ನಿಂತು ಕಾಪಾಡುವೆನೆಂದು ಕೊಡುತ್ತಿದ್ದ ಮಾತು. ಗ್ಯಾರಂಟಿ ಇಂಗ್ಲಿಷಿಗೆ ಬಂದದ್ದು ಬಹಳ ತಡವಾಗಿ, 17ನೆಯ ಶತಮಾನದಲ್ಲಿ.

ಗ್ಯಾರಂಟಿಯೆಂದರೆ ವಸ್ತುವನ್ನೇ ಬದಲಿಸಿ ಕೊಡುವುದು, ವಾರಂಟಿಯೆಂದರೆ ರಿಪೇರಿ ಮಾಡಿ ಕೊಡುವುದು ಎಂಬುದು ನಮ್ಮ ಅಂಗಡಿಗಳ ರೂಢಿ. ಪದಗಳ ಮೂಲದಲ್ಲಿ ಈ ಭೇದವಿಲ್ಲ, ಭಾರತದ ಕಾನೂನು ಮಾಡುವ ಭೇದವೂ ಬೇರೆ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ವಾರಂಟಿಯು ಮಾರಾಟದ ಮುಖ್ಯ ಉದ್ದೇಶಕ್ಕೆ ಪೂರಕವಾದ ಷರತ್ತು; ಅದನ್ನು ಮುರಿದರೆ ಕೊಂಡವನು ನಷ್ಟಪರಿಹಾರ ಕೇಳಬಹುದು, ಆದರೆ ಅಷ್ಟಕ್ಕೇ ಸರಕನ್ನು ನಿರಾಕರಿಸುವ ಹಕ್ಕು ಅವನಿಗಿಲ್ಲ. 1872ರ ಕರಾರು ಕಾಯಿದೆಯಲ್ಲಿ ಗ್ಯಾರಂಟಿಯೆಂದರೆ ಮೂರನೆಯವನು ತಪ್ಪಿದಾಗ ಅವನ ಹೊಣೆಯನ್ನು ತಾನು ತೀರಿಸುವೆನೆಂಬ ಒಪ್ಪಂದ, ಅಂದರೆ ಬ್ಯಾಂಕ್ ಸಾಲಕ್ಕೆ ನಾವು ಹಾಕುವ ಜಾಮೀನು.