ಗುಳ್ಳೆ ಬಿರಿದದ್ದು ಯಾವ ಪದರದಲ್ಲಿ?

ತಿಂಗಳುಗಟ್ಟಲೆ ಮಾಯದ ಬಾಯಿಹುಣ್ಣು. ಬಿ-ಕಾಂಪ್ಲೆಕ್ಸ್ ಮಾತ್ರೆ ಆಯಿತು, ಮುಲಾಮು ಆಯಿತು, ಊಟ ಮಾತ್ರ ಸೇರುತ್ತಿಲ್ಲ. ಅಷ್ಟರಲ್ಲಿ ಎದೆ, ಬೆನ್ನಿನ ಮೇಲೆ ಮುಟ್ಟಿದರೆ ಒಡೆಯುವ ನೀರುಗುಳ್ಳೆಗಳು. ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಚರ್ಮರೋಗ ಬಹಳ ಸಲ ಶುರುವಾಗುವುದೇ ಹೀಗೆ. ಬುಲ್ಲಸ್ ಪೆಂಫಿಗಾಯ್ಡ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ: ವಿಪರೀತ ತುರಿಕೆ, ಸುಲಭಕ್ಕೆ ಒಡೆಯದ ಬಿಗಿ ಗುಳ್ಳೆ. ಎರಡರಲ್ಲೂ ನಮ್ಮ ದೇಹವೇ ನಮ್ಮ ಚರ್ಮದ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ತಯಾರಿಸುತ್ತದೆ. ಎರಡೂ ಅಂಟುರೋಗಗಳಲ್ಲ, ರೋಗಿಯ ತಟ್ಟೆ ಲೋಟ ಬೇರೆ ಇಡುವುದು ಅನಗತ್ಯ, ಕ್ರೂರ ಕೂಡ.

ಇವೆರಡನ್ನೂ ಬೇರ್ಪಡಿಸಿದ್ದು ಸೂಕ್ಷ್ಮದರ್ಶಕ. 1953ರಲ್ಲಿ ಚರ್ಮರೋಗ ತಜ್ಞ ವಾಲ್ಟರ್ ಲೀವರ್, ಗುಳ್ಳೆ ಎಷ್ಟು ಆಳದಲ್ಲಿ ಬಿರಿದಿದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಪೆಂಫಿಗಾಯ್ಡನ್ನು ಪೆಂಫಿಗಸ್‌ನಿಂದ ಪ್ರತ್ಯೇಕಿಸಿದರು. ದೇಹದ ಹೆಚ್ಚಿನ ಕಡೆ ಹೊರಚರ್ಮದ ದಪ್ಪ ಸುಮಾರು 0.1 ಮಿಲಿಮೀಟರ್. ರೋಗನಿರ್ಣಯವೆಲ್ಲ ಇಷ್ಟರೊಳಗೇ. ಪೆಂಫಿಗಸ್‌ನಲ್ಲಿ ಬಿರುಕು ಹೊರಚರ್ಮದ ಒಳಗೇ ಬೀಳುತ್ತದೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿಗೆ ಪ್ರತಿಕಾಯ ಕೂತು ಹಿಡಿತ ಸಡಿಲವಾಗುತ್ತದೆ. ಬಿಡಿಯಾದ ಕೋಶಗಳು ಗುಂಡಗಾಗಿ ಗುಳ್ಳೆಯ ನೀರಿನಲ್ಲಿ ತೇಲುತ್ತವೆ. ಪೆಂಫಿಗಾಯ್ಡ್‌ನಲ್ಲಾದರೋ ಹೊರಚರ್ಮ ಇಡಿಯಾಗಿ ಒಳಚರ್ಮದಿಂದ ಮೇಲೇಳುತ್ತದೆ. ಗುಳ್ಳೆಯ ಮೇಲ್ಹೊದಿಕೆ ದಪ್ಪ, ಅದಕ್ಕೇ ಅದು ಬೇಗ ಒಡೆಯದು.

ಆದರೆ ಪ್ರತಿಕಾಯ ಸೂಕ್ಷ್ಮದರ್ಶಕದ ಮಾಮೂಲಿ ಬಣ್ಣದ ಸ್ಲೈಡಿನಲ್ಲಿ ಕಾಣುವುದಿಲ್ಲ. 1964ರಲ್ಲಿ ಅರ್ನ್ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜೋರ್ಡನ್ ಅಮೆರಿಕದ ಬಫಲೋದಲ್ಲಿ ಪೆಂಫಿಗಸ್ ರೋಗಿಗಳ ಸೀರಮ್‌ನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಅದನ್ನು ಪ್ರತಿದೀಪ್ತಿ (ಫ್ಲೋರೆಸೆನ್ಸ್) ವಿಧಾನದಿಂದ ತೋರಿಸಿದರು. ಇಂದು ರೋಗಿಯ ಚರ್ಮದ ತೆಳು ಸೀಳಿನ ಮೇಲೆ ಪ್ರತಿಕಾಯಕ್ಕೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ದ್ರಾವಣ ಹಾಕಿ, ಕತ್ತಲ ಕೋಣೆಯಲ್ಲಿ ನೀಲಿ ಬೆಳಕಿನಡಿ ನೋಡುತ್ತಾರೆ. ಪೆಂಫಿಗಸ್ ಆದರೆ ಪ್ರತಿ ಕೋಶದ ಸುತ್ತ ಹಸಿರು ಗೆರೆ ಮೂಡಿ ಹೊರಚರ್ಮವೇ ಮೀನಿನ ಬಲೆಯಂತೆ ಕಾಣುತ್ತದೆ. ಪೆಂಫಿಗಾಯ್ಡ್ ಆದರೆ ಎರಡು ಚರ್ಮ ಕೂಡುವಲ್ಲಿ ಒಂದೇ ಒಂದು ಹಸಿರು ಗೆರೆ.

ಈ ಪರೀಕ್ಷೆ ಕೈಕೊಡುವುದು ಹೆಚ್ಚಾಗಿ ಲ್ಯಾಬಿಗೆ ಬರುವ ಮೊದಲೇ. ಮಾಮೂಲಿ ಬಯಾಪ್ಸಿಗೆ ಹೊಸ ಗುಳ್ಳೆಯ ಅಂಚು ಬೇಕು. ಪ್ರತಿದೀಪ್ತಿಗೆ ಗುಳ್ಳೆಯ ಪಕ್ಕದ, ನೋಡಲು ಏನೂ ಆಗಿಲ್ಲದ ಚರ್ಮ ಬೇಕು. ಗುಳ್ಳೆಯೊಳಗಿನ ಉರಿಯೂತ ಪ್ರತಿಕಾಯವನ್ನು ನಾಶ ಮಾಡಿರುತ್ತದೆ. ಈ ಎರಡನೇ ತುಂಡನ್ನು ಮಾಮೂಲಿ ಬಯಾಪ್ಸಿ ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಅದನ್ನು ಇಂಥ ಮಾದರಿ ಸಾಗಿಸಲೆಂದೇ ಇರುವ ಮಿಷೆಲ್ ದ್ರಾವಣದಲ್ಲಿ, ಅದಿಲ್ಲದಿದ್ದರೆ ಒಂದು ದಿನದ ಮಟ್ಟಿಗೆ ಸಾದಾ ಸಲೈನ್‌ನಲ್ಲಿ ಕಳಿಸಬಹುದು. ಸಣ್ಣ ಊರಿನಿಂದ ದೊಡ್ಡ ಆಸ್ಪತ್ರೆಗೆ ಮಾದರಿ ಕಳಿಸುವವರಿಗೆ ಈ ಸಲೈನ್ ವಿಷಯ ಗೊತ್ತಿರಲೇಬೇಕು ಅನ್ನಿಸುತ್ತದೆ ನನಗೆ.

ಒಂದೇ ಹಸಿರು ಗೆರೆ ಕಂಡರೂ ಕೆಲಸ ಮುಗಿಯದು. ಎಪಿಡರ್ಮೊಲೈಸಿಸ್ ಬುಲ್ಲೋಸಾ ಅಕ್ವಿಸಿಟಾ ಎಂಬ ಅಪರೂಪದ ಕಾಯಿಲೆಯಲ್ಲೂ ಅದೇ ಗೆರೆ. ಆಗ ಚರ್ಮವನ್ನು ಉಪ್ಪಿನ ದ್ರಾವಣದಲ್ಲಿ ನೆನೆಸಿ ಎರಡು ಪದರ ಬಿಡಿಸುತ್ತಾರೆ. ಹಸಿರು ಮೇಲಿನ ಪದರಕ್ಕೆ ಅಂಟಿದ್ದರೆ ಸಾಮಾನ್ಯವಾಗಿ ಪೆಂಫಿಗಾಯ್ಡ್. ಅದಕ್ಕೆ ಎಷ್ಟೋ ಸಲ ತೀಕ್ಷ್ಣ ಸ್ಟೀರಾಯ್ಡ್ ಮುಲಾಮೇ ಸಾಕಾಗುತ್ತದೆ. ಕೆಳಪದರದಲ್ಲಿ ಉಳಿದರೆ ಈ ಇನ್ನೊಂದು ಕಾಯಿಲೆಯ ಸಂಶಯ ಬಲವಾಗುತ್ತದೆ. ಅದು ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ.