ಸೋದರಮಾವನ ಮೂತ್ರಪಿಂಡ, ಗಾಜಿನ ಪೆಟ್ಟಿಗೆಯ ಶವ: ಸಮ್ಮತಿಯ ಕಾನೂನು ಕುರಿತ ಟಿಪ್ಪಣಿ

ಕಾಸರಗೋಡಿನವರಾದ ನಮಗೆ ದೊಡ್ಡ ಚಿಕಿತ್ಸೆ ಎಂದರೆ ತಲಪಾಡಿ ದಾಟಿದ ಮೇಲಿನ ಮಂಗಳೂರು. ಹಾಗಾಗಿ ಪಾಠವನ್ನು ಅಲ್ಲಿಂದಲೇ ಹಿಡಿಯೋಣ. ಮಂಜೇಶ್ವರದ ಹುಡುಗನೊಬ್ಬನಿಗೆ ಅವನ ಸೋದರಮಾವ ಮೂತ್ರಪಿಂಡ ಕೊಡಲು ಮುಂದಾಗಿದ್ದಾರೆ ಎಂದಿಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ ಮಾವನಿಗಿಂತ ಹತ್ತಿರದವರು ಯಾರು? ಆದರೆ 1994ರ ಅಂಗ ಕಸಿ ಕಾಯಿದೆಯ ‘ಹತ್ತಿರದ ಸಂಬಂಧಿ’ಗಳಲ್ಲಿ ಅವರಿಲ್ಲ. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಇದ್ದಾರೆ. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಮಾವನಾದರೆ ಅಧಿಕೃತ ಸಮಿತಿಯ ಅನುಮತಿ ಬೇಕು. ರಾಜ್ಯವೂ ಬೇರೆಯಾದ್ದರಿಂದ ವಾಸಸ್ಥಳವನ್ನು ತಹಶೀಲ್ದಾರರೋ ಅಧಿಕಾರ ಪಡೆದ ಬೇರೆ ಅಧಿಕಾರಿಯೋ ದೃಢಪಡಿಸಬೇಕು. ಓಡಾಟ ಬೇಸರ ತರುವುದು ನಿಜ. ಆದರೂ ಸಮಿತಿ ದಾನಿಯನ್ನು ಕೂರಿಸಿಕೊಂಡು, ಹಣದ ವ್ಯವಹಾರವಿದೆಯೇ ಎಂದು ವಿಚಾರಿಸುವ ಆ ಹೊತ್ತೇ ಕಾಯಿದೆಯ ಜೀವಾಳ ಎಂದು ನಾನು ನಂಬುತ್ತೇನೆ.

ದೇಶದ ಗಡಿ ದಾಟಿದರೆ ಆ ವಿಚಾರಣೆಯನ್ನು ತಪ್ಪಿಸಿಕೊಳ್ಳುವುದು ಸುಲಭ. 2024ರ ಮೇ ತಿಂಗಳಲ್ಲಿ ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಒಬ್ಬನ ಬಂಧನವಾಯಿತು. ಅಂಗ ಮಾರಾಟಕ್ಕಾಗಿ ಬಡವರನ್ನು ಇರಾನಿಗೆ ಕರೆದೊಯ್ದ ಆರೋಪ ಅದು. ಇಂಥಲ್ಲಿ ‘ಅವರೇ ಒಪ್ಪಿ ಸಹಿ ಹಾಕಿದ್ದಾರೆ’ ಎಂಬ ವಾದ ಬರುತ್ತದೆ. ಪರೀಕ್ಷೆಗೆ ಇದನ್ನು ಗಟ್ಟಿಯಾಗಿ ನೆನಪಿಡಿ: ಹಿಂದಿನ ದಂಡ ಸಂಹಿತೆಯ 370ನೇ ಕಲಮಿನಲ್ಲೂ ಈಗಿನ ನ್ಯಾಯ ಸಂಹಿತೆಯ 143ರಲ್ಲೂ, ಮಾನವ ಕಳ್ಳಸಾಗಣೆ ನಡೆದಿದೆಯೇ ಎಂದು ತೀರ್ಮಾನಿಸುವಾಗ ಬಲಿಪಶುವಿನ ಒಪ್ಪಿಗೆ ಗಣನೆಗೆ ಬರುವುದಿಲ್ಲ. ಇಸ್ರೇಲ್ 2008ರಲ್ಲಿ ಬೇರೆ ದಾರಿ ಹಿಡಿಯಿತು. ವಿದೇಶದ ಅಕ್ರಮ ಕಸಿಗೆ ವಿಮೆ ಹಣ ಕೊಡುವುದನ್ನೇ ನಿಲ್ಲಿಸಿತು. ಬ್ರಿಟನ್ 2022ರಲ್ಲಿ ಹೊರದೇಶದ ಅಂಗ ವ್ಯಾಪಾರವನ್ನೂ ಅಪರಾಧವಾಗಿಸಿತು.

ಕೆಡದಂತೆ ಕಾಪಿಟ್ಟ ಮನುಷ್ಯರ ದೇಹಗಳನ್ನು ಟಿಕೆಟ್ ಇಟ್ಟು ಜನರಿಗೆ ತೋರಿಸುವ ಶವ ಪ್ರದರ್ಶನದ ವಿಷಯ ಇನ್ನೂ ಕಾಡುತ್ತದೆ. ಬ್ರಿಟನ್ನಿನ 2004ರ ಕಾಯಿದೆಯಂತೆ ದೇಹವನ್ನು ಪ್ರದರ್ಶನಕ್ಕಿಡಲು ಆ ವ್ಯಕ್ತಿಯೇ ಬದುಕಿದ್ದಾಗ, ಸಾಕ್ಷಿಯ ಸಮ್ಮುಖದಲ್ಲಿ, ಬರಹದಲ್ಲಿ ಒಪ್ಪಿರಬೇಕು. ಮಕ್ಕಳ ಸಹಿಯೂ ಸಾಲದು. ಆದರೆ ಹೊರದೇಶದಿಂದ ತಂದ ಶವಕ್ಕೆ ಆ ಕಾಯಿದೆಯಲ್ಲಿ ಈ ಷರತ್ತೇ ಇಲ್ಲ! 2018ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚೀನಾದಿಂದ ಬಂದ ದೇಹಗಳು ಪ್ರದರ್ಶನಗೊಂಡದ್ದು ಹೀಗೆಯೇ. ಅವು ‘ವಾರಸುದಾರರಿಲ್ಲದ’ ಶವಗಳು ಎಂದು ಹೇಳಲಾಗಿತ್ತು. ಫ್ರಾನ್ಸಿನ ಅತ್ಯುಚ್ಚ ನ್ಯಾಯಾಲಯ ಮಾತ್ರ 2010ರಲ್ಲೇ ಇಂಥ ಪ್ರದರ್ಶನವನ್ನು ತಡೆದಿತ್ತು.

ವಾರಸುದಾರರಿಲ್ಲದವರು ನಮ್ಮಲ್ಲೂ ಇದ್ದಾರೆ. ಕೇರಳದ 1957ರ ಅಂಗರಚನಾ ಕಾಯಿದೆಯಡಿ ಅಂಥವರ ಶವಗಳು ವೈದ್ಯಕೀಯ ಕಾಲೇಜಿನ ಮೇಜಿಗೆ ಹೋಗುತ್ತವೆ. ಅದು ಕಲಿಕೆಗಾಗಿ, ಟಿಕೆಟ್ ಕೊಟ್ಟು ಬಂದವರ ನೋಟಕ್ಕಲ್ಲ. ಆದರೆ ಆ ಮೇಜಿನ ಮೇಲೆ ಮಲಗಿದವರನ್ನೂ ಯಾರೂ ಕೇಳಿರಲಿಲ್ಲ.